ಬಿ.ಎ. ತರಗತಿಯಲ್ಲಿ ಎಂ.ಎ. ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಪ್ರೀತಿಯಿಂದ ಒತ್ತಾಯಿಸಿದ್ದಾರೆ. ಶಾಲೆಯು ಮುಳಿಹುಲ್ಲಿನ ಮಾಡಿನ ಅಡಿಯಲ್ಲಿ ಆರಂಭಗೊಂಡ ಬಗೆ, ಸ್ಥಾಪಕರ ತ್ಯಾಗ, ಊರವರ ಶ್ರಮದಾನ ಇವುಗಳನ್ನು ಕುರಿತು ಬರೆಯಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬೇರೆ ಇದ್ದಾರೆ. ಆದುದರಿಂದ ನಾನು ಹಿಂದಣ ಐವತ್ತು ವರ್ಷಗಳನ್ನು ಅವರಿಗೆ ಬಿಟ್ಟು, ಇಲ್ಲಿ ಕಲಿತು ಹೋದ ಮಕ್ಕಳ ಮುಂದಣ ದಾರಿಗೆ ಸಂಬಂಧಿಸಿದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ನಿವೃತ್ತನಾಗಿ ಬಹಳ ವರ್ಷಗಳಾದರೂ ಹಳೆಯ ವಿದ್ಯಾರ್ಥಿಗಳು, ಈಗ ಅವರ ಮಕ್ಕಳು, ಮನೆಗೆ ಬಂದು ಸಲಹೆ ಕೇಳುವುದುಂಟು. ಮೊದಲೆಲ್ಲ "ಹತ್ತನೆಯದ್ದು ಆಯಿತು, ಇನ್ನೇನು ಮಾಡಿಸುವುದು?" ಎಂಬುದೇ ಪ್ರಶ್ನೆಯಾಗಿತ್ತು. ಈಚೆಗೆ ಪ್ರಶ್ನೆಯ ರೂಪ ಬದಲಾಗಿದೆ. "ಮಾಷ್ಟ್ರೇ, ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ? ನಾಲ್ಕನೆಯ ವರ್ಷ ಎಂ.ಎ. ಪಾಠವನ್ನೇ ಕಲಿಸುತ್ತಾರಂತೆ, ಹೌದೇ? ಅದು ನಮ್ಮ ಮಕ್ಕಳಿಗೆ ಸಿಕ್ಕೀತೇ?"

ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿ, ಅಧ್ಯಾಪಕ ತರಬೇತಿ ಪಡೆದು, ಸಣ್ಣ ಮಕ್ಕಳಿಗೆ ಕಲಿಸುತ್ತ ಆಯುಷ್ಯ ಕಳೆದವನು. ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಏರಿದವನಲ್ಲ. ಆದರೂ ಈ ವಿಷಯವನ್ನು ಬರೆಯಹೊರಟಿರುವುದಕ್ಕೆ ಕಾರಣವಿದೆ. ಈ ನಿಯಮಗಳೆಲ್ಲ ಇಂಗ್ಲಿಷಿನಲ್ಲಿವೆ. ಅವುಗಳ ವಿವರಣೆಗಳು ಮಲಯಾಳದಲ್ಲಿವೆ. ಕನ್ನಡವನ್ನು ಮಾತ್ರ ಓದಬಲ್ಲ ಹೆತ್ತವರು ಎರಡರ ನಡುವೆ ನಿಂತಿದ್ದಾರೆ. ಕಾಲೇಜಿನಲ್ಲಿ ಅಧ್ಯಾಪಕರಾಗಿರುವ ನನ್ನ ಹಳೆಯ ಶಿಷ್ಯರೊಬ್ಬರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ನಿಯಮಾವಳಿಗಳನ್ನು ಪುಟಪುಟವಾಗಿ ಓದಿಸಿ ಅರ್ಥಮಾಡಿಕೊಂಡುದನ್ನು ಇಲ್ಲಿ ಕನ್ನಡದಲ್ಲಿ ಇಡುತ್ತಿದ್ದೇನೆ.

ಮೊದಲು ಹೆಸರುಗಳ ತೊಡಕನ್ನು ಬಿಡಿಸಿಕೊಳ್ಳೋಣ. ಗುರುಕುಲದಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಸಮಾವರ್ತನದ ಸ್ನಾನವನ್ನು ಮಾಡಿ ಮನೆಗೆ ಮರಳಿದವನು ಸ್ನಾತಕ. ಆ ಶಬ್ದದಿಂದಲೇ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಪದವಿಗಳಿಗೆ ಸ್ನಾತಕ ಪದವಿ ಎಂದೂ, ಅದರ ಬಳಿಕದ ಎಂ.ಎ., ಎಂ.ಎಸ್‌ಸಿ.ಗಳಿಗೆ ಸ್ನಾತಕೋತ್ತರ ಪದವಿ ಎಂದೂ ಹೆಸರಾಯಿತು. ಅಮೆರಿಕದವರು ಇದೇ ಸ್ನಾತಕೋತ್ತರ ವ್ಯಾಸಂಗವನ್ನು 'ಗ್ರಾಜುಯೇಟ್' ವ್ಯಾಸಂಗ ಎನ್ನುತ್ತಾರೆ. ನಮ್ಮಲ್ಲಿ ಗ್ರಾಜುಯೇಟ್ ಎಂದರೆ ಬಿ.ಎ. ಆದವನು. ಆದುದರಿಂದ ವಿದೇಶದ ಅರ್ಜಿಯಲ್ಲಿ 'ಗ್ರಾಜುಯೇಟ್ ಕೋರ್ಸು' ಎಂದು ಕಂಡೊಡನೆ ಅದು ನಮ್ಮ ಬಿ.ಎ. ಎಂದು ತಿಳಿಯಬಾರದು, ಅದು ನಮ್ಮ ಎಂ.ಎ. ಇನ್ನು 'ಕೋರ್ಸು' ಎಂಬ ಶಬ್ದವೂ ಈಗ ಅರ್ಥ ಬದಲಿಸಿದೆ. ಹಿಂದೆ ಬಿ.ಎ. ಎಂಬುದು ಒಂದು ಕೋರ್ಸು. ಈಗ ಒಂದು ಸೆಮಿಸ್ಟರಿನಲ್ಲಿ ಓದುವ ಒಂದೊಂದು ಪತ್ರಿಕೆಗೂ ಕೋರ್ಸು ಎಂದೇ ಹೆಸರು. ಈ ಲೇಖನದಲ್ಲಿ ನಾನು ಆ ಶಬ್ದವನ್ನು ಈ ಎರಡನೆಯ ಅರ್ಥದಲ್ಲಿಯೇ ಬಳಸಿದ್ದೇನೆ.

ಬಿ.ಎ. ಓದುವವರು ಎಂ.ಎ. ಮಟ್ಟದ ಪಾಠ ಕೇಳುವುದು ನಮ್ಮ ಸೀಮೆಗೆ ತೀರ ಹೊಸತಲ್ಲ. ಕಾಸರಗೋಡು ತಾಲೂಕು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರುವುದಕ್ಕೆ ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದ್ರಾಸು ರಾಜ್ಯದಲ್ಲಿತ್ತು. ಆ ಕಾಲದ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಇಂಟರ್‌ಮೀಡಿಯೆಟ್ ಆದವರ ಮುಂದೆ ಎರಡು ದಾರಿಗಳಿದ್ದವು: ಎರಡು ವರ್ಷದ ಸಾಮಾನ್ಯ ಬಿ.ಎ. ಒಂದು, ಮೂರು ವರ್ಷದ ಬಿ.ಎ. ಆನರ್ಸ್ ಇನ್ನೊಂದು. ಆನರ್ಸಿನ ಪಾಠಗಳ ತೂಕ ಎಷ್ಟಿತ್ತೆಂದರೆ, ಅದನ್ನು ಮುಗಿಸಿದವರು ಬೇರೆ ಪರೀಕ್ಷೆಗೆ ಕೂರದೆಯೇ ಮುಂದೆ ಎಂ.ಎ. ಪದವಿಯನ್ನು ಪಡೆಯಬಹುದಾಗಿತ್ತು. ಅಂದರೆ ಎಂ.ಎ. ಎಂಬುದು ಆನರ್ಸಿನ ಒಳಗೇ ಅಡಗಿತ್ತು. ನಮ್ಮ ಹಿಂದಣ ತಲೆಮಾರಿನ ಕೆಲವು ಹಿರಿಯ ಪ್ರಾಧ್ಯಾಪಕರ ಹೆಸರಿನ ಮುಂದೆ 'ಬಿ.ಎ. (ಆನರ್ಸ್)' ಎಂದು ಅಭಿಮಾನದಿಂದ ಮುದ್ರಿಸಿರುವುದನ್ನು ಹಳೆಯ ಪುಸ್ತಕಗಳಲ್ಲಿ ಇಂದಿಗೂ ಕಾಣಬಹುದು. ಮುಂದೆ ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಎ. ಎಂಬ ಕ್ರಮ ಬಂದಾಗ ಎರಡರ ನಡುವೆ ಗೋಡೆಯೊಂದು ಎದ್ದಿತು. ಬಿ.ಎ. ವಿದ್ಯಾರ್ಥಿ ಎಷ್ಟೇ ಚುರುಕಾಗಿದ್ದರೂ ಎಂ.ಎ. ತರಗತಿಯ ಬಾಗಿಲ ಹೊರಗೆ ನಿಲ್ಲಬೇಕಾಯಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಆ ಗೋಡೆಯಲ್ಲಿ ಮತ್ತೆ ಬಾಗಿಲು ತೆರೆದಿದೆ. ಆದರೆ ಎಲ್ಲರಿಗೂ ಅಲ್ಲ, ಎಲ್ಲೆಡೆಯೂ ಅಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗವು, ಅಂದರೆ ಯು.ಜಿ.ಸಿ.ಯು, ೨೦೨೨ರ ಡಿಸೆಂಬರಿನಲ್ಲಿ ಪದವಿ ವ್ಯಾಸಂಗದ ಚೌಕಟ್ಟೊಂದನ್ನು ಪ್ರಕಟಿಸಿತು. ಅದರಲ್ಲಿ ಪ್ರತಿಯೊಂದು ಕೋರ್ಸಿಗೂ ಅದರ ಮಟ್ಟವನ್ನು ಸೂಚಿಸುವ ಸಂಖ್ಯೆಯನ್ನು ಕೊಡಲಾಗಿದೆ. ೧೦೦ರಿಂದ ೧೯೯ರ ವರೆಗಿನವು ಬುನಾದಿಯ ಕೋರ್ಸುಗಳು. ೨೦೦ರಿಂದ ೨೯೯ ಮಧ್ಯಮ ಮಟ್ಟದವು. ೩೦೦ರಿಂದ ೩೯೯ ಮೇಲಣ ಮಟ್ಟದವು. ಮೂರು ವರ್ಷದ ಪದವಿ ಇಲ್ಲಿಗೆ ಮುಗಿಯುತ್ತದೆ. ೪೦೦ರಿಂದ ೪೯೯ ಎಂಬ ಮೆಟ್ಟಿಲಿನಲ್ಲಿ ಸ್ವಾರಸ್ಯವಿರುವುದು. ಪದವಿಯ ನಾಲ್ಕನೆಯ ವರ್ಷದ ಕೋರ್ಸುಗಳನ್ನೂ ಸ್ನಾತಕೋತ್ತರದ ಮೊದಲನೆಯ ವರ್ಷದ ಕೋರ್ಸುಗಳನ್ನೂ ಈ ಒಂದೇ ಮೆಟ್ಟಿಲಿನ ಮೇಲೆ ಇರಿಸಲಾಗಿದೆ. ೫೦೦, ೬೦೦ರ ಅಂಕೆಗಳು ಪೂರ್ತಿಯಾಗಿ ಸ್ನಾತಕೋತ್ತರದವು. ೭೦೦ ಮತ್ತು ಅದರ ಮೇಲಿನವು ಪಿಎಚ್.ಡಿ. ಅಭ್ಯರ್ಥಿಗಳಿಗೆ ಮಾತ್ರ. ಆದುದರಿಂದ ಮಗನ ಅಥವಾ ಮಗಳ ಪಠ್ಯಪಟ್ಟಿ ಕೈಗೆ ಬಂದಾಗ ಕೋರ್ಸಿನ ಸಂಕೇತದಲ್ಲಿರುವ ಮೂರಂಕೆಯ ಸಂಖ್ಯೆಯನ್ನು ನೋಡಿದರೆ, ಇಂಗ್ಲಿಷ್ ಬಾರದವರಿಗೂ ಪಾಠ ಯಾವ ಮಟ್ಟದ್ದೆಂದು ತಿಳಿಯುತ್ತದೆ.

ಆದರೆ ಈ ಸಂಖ್ಯೆಗಳ ಅರ್ಥ ಎಲ್ಲ ಸಂಸ್ಥೆಗಳಿಗೂ ಒಂದೇ ಎಂದು ಭಾವಿಸಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ೨೦೧೧ರಲ್ಲಿಯೇ ನಾಲ್ಕು ವರ್ಷದ ವಿಜ್ಞಾನ ಪದವಿಯನ್ನು ಆರಂಭಿಸಿ, ಕೊನೆಯ ಹಂತದ ವಿದ್ಯಾರ್ಥಿಗಳು ಸ್ನಾತಕೋತ್ತರದವರ ಜೊತೆ ಕುಳಿತು ಅದೇ ಪಾಠವನ್ನು ಕೇಳಲು ಅವಕಾಶ ಕೊಟ್ಟಿತು. ಅಲ್ಲಿ ಸಾಮಾನ್ಯವಾಗಿ ೨೦೦ರಿಂದಲೇ ಸ್ನಾತಕೋತ್ತರ ಮಟ್ಟ ಮೊದಲಾಗುತ್ತದೆ. ನಮ್ಮ ಪಟ್ಟಿಯ ೨೦೦ ಬಿ.ಎ. ತರಗತಿಯದು. ಬೇರೆ ಸಂಸ್ಥೆಗೆ ಅರ್ಜಿ ಹಾಕುವವರು ಆ ಸಂಸ್ಥೆಯ ಪಟ್ಟಿಯನ್ನೇ ನೋಡಬೇಕು.

ಮೂರು ವರ್ಷದ ಪದವಿಯಾದವರಿಗೆ ಎಂ.ಎ. ಎರಡು ವರ್ಷ. ನಾಲ್ಕು ವರ್ಷದ ಆನರ್ಸ್ ಪದವಿಯಾದವರಿಗೆ ಎಂ.ಎ. ಒಂದೇ ವರ್ಷ. ೨೦೨೪ರಲ್ಲಿ ಪ್ರಕಟವಾದ ಸ್ನಾತಕೋತ್ತರ ಚೌಕಟ್ಟು ಈ ಎರಡಕ್ಕೂ ಎಡೆಯಿತ್ತಿದೆ. ಹೇಗೆ ಕೂಡಿಸಿದರೂ ಒಟ್ಟು ಐದು ವರ್ಷ. "ಒಂದು ವರ್ಷ ಹೆಚ್ಚು ಓದಿಸಿ ಸರಕಾರ ನಮ್ಮ ಮಕ್ಕಳನ್ನು ಸತಾಯಿಸುತ್ತಿದೆ" ಎಂದು ಹೇಳುವವರನ್ನು ಕಂಡಿದ್ದೇನೆ. ಎಂ.ಎ. ಮಾಡಬೇಕೆಂದಿರುವವರಿಗೆ ಒಂದು ದಿನವೂ ಹೆಚ್ಚಾಗಿಲ್ಲ, ಎಂ.ಎ.ಯ ಮೊದಲನೆಯ ವರ್ಷ ಕಾಲೇಜು ಬದಲಿಸದೆ, ಮನೆಯ ಹತ್ತಿರವೇ, ಬಿ.ಎ.ಯ ನಾಲ್ಕನೆಯ ವರ್ಷವಾಗಿ ಬಂದಿದೆ, ಅಷ್ಟೆ. ಎಂ.ಎ. ಬೇಡ, ಬಿ.ಎಡ್. ಮಾಡಿ ಶಾಲೆಗೆ ಸೇರುವೆ ಎನ್ನುವವರು ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು. ಇದರಲ್ಲಿ ಹಿರಿದು ಕಿರಿದು ಎಂಬುದಿಲ್ಲ.

ಕೇರಳದಲ್ಲಿ ನಾಲ್ಕು ವರ್ಷದ ಪದವಿ ಕ್ರಮವು ೨೦೨೪ರ ಜುಲೈ ೧ರಂದು ಆರಂಭವಾಯಿತು. ನಮ್ಮ ಜಿಲ್ಲೆಯ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾಲಯದ ಅಧೀನದಲ್ಲಿರುವುದರಿಂದ ಅವುಗಳಿಗೂ ಇದು ಅನ್ವಯಿಸುತ್ತದೆ. ಮೂರು ವರ್ಷಕ್ಕೆ ಹೊರಬರುವವರು ೧೩೩ ಕ್ರೆಡಿಟುಗಳನ್ನೂ ನಾಲ್ಕು ವರ್ಷ ಓದುವವರು ೧೭೭ ಕ್ರೆಡಿಟುಗಳನ್ನೂ ಗಳಿಸಬೇಕು. ಯು.ಜಿ.ಸಿ. ಚೌಕಟ್ಟಿನಲ್ಲಿ ಈ ಅಂಕೆಗಳು ೧೨೦ ಮತ್ತು ೧೬೦. ಕ್ರೆಡಿಟ್ ಎಂದರೆ ಅಂಕವಲ್ಲ, ಕಲಿಕೆಯ ಅಳತೆ. ಒಂದು ಸೆಮಿಸ್ಟರಿನಲ್ಲಿ ಹದಿನೈದು ಗಂಟೆಗಳ ಪಾಠವಾದರೆ ಒಂದು ಕ್ರೆಡಿಟ್. ಪ್ರಾಯೋಗಿಕ ಕೆಲಸವಾದರೆ ಮೂವತ್ತು ಗಂಟೆಗಳಿಗೆ ಒಂದು. ಸೇರಿಗೂ ಪಾವಿಗೂ ಇರುವಂತೆ ಒಂದು ಲೆಕ್ಕ.

ನಾಲ್ಕನೆಯ ವರ್ಷಕ್ಕೆ ಕಾಲಿಡುವಲ್ಲಿಯೂ ಎರಡು ಬಗೆಗಳಿವೆ. ಒಂದು ಆನರ್ಸ್, ಇನ್ನೊಂದು ಸಂಶೋಧನೆ ಸಹಿತ ಆನರ್ಸ್. ಎರಡನೆಯದಕ್ಕೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ ೭೫ ಅಥವಾ ಅದಕ್ಕಿಂತ ಹೆಚ್ಚು ಅಂಕ ಇರಬೇಕು. ಅವರು ಮಾರ್ಗದರ್ಶಕರ ಕೈಕೆಳಗೆ ೧೨ ಕ್ರೆಡಿಟಿನ ಸಂಶೋಧನಾ ಪ್ರಬಂಧವೊಂದನ್ನು ಸಿದ್ಧಪಡಿಸಬೇಕು. ಯು.ಜಿ.ಸಿ. ಚೌಕಟ್ಟಿನಂತೆ, ಸಂಶೋಧನೆ ಬೇಡವೆನ್ನುವ ಆನರ್ಸಿನವರು ಆ ೧೨ ಕ್ರೆಡಿಟುಗಳ ಬದಲಿಗೆ ಮೂರು ಕೋರ್ಸುಗಳನ್ನು ಹೆಚ್ಚಾಗಿ ಓದುತ್ತಾರೆ. ಸಂಶೋಧನೆಗೆ ಮಾರ್ಗದರ್ಶನ ಮಾಡಬಲ್ಲ ಅರ್ಹ ಅಧ್ಯಾಪಕರು ವಿಭಾಗದಲ್ಲಿ ಇಲ್ಲದಿದ್ದರೆ, ವಿದ್ಯಾರ್ಥಿಗೆ ಎಷ್ಟು ಅಂಕ ಬಂದರೂ ಆ ಕಾಲೇಜಿನಲ್ಲಿ ಈ ಬಾಗಿಲು ತೆರೆಯುವುದಿಲ್ಲ. ಇದನ್ನು ಸೇರುವಾಗಲೇ ವಿಚಾರಿಸಬೇಕು. ಪ್ರವೇಶದ ದಿನ ಬಸ್ಸಿನ ಸೌಕರ್ಯವನ್ನೂ ಹಾಸ್ಟೆಲಿನ ಊಟವನ್ನೂ ವಿಚಾರಿಸುವ ಹೆತ್ತವರು ಈ ಒಂದು ಪ್ರಶ್ನೆಯನ್ನು ಕೇಳುವುದನ್ನು ನಾನು ಈವರೆಗೆ ಕಂಡಿಲ್ಲ.

ಈ ೭೫ ಎಂಬ ಸಂಖ್ಯೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿರುವ ತಾಯಿಯೊಬ್ಬರು ಮಗಳ ಅಂಕಪಟ್ಟಿಯನ್ನು ಹಿಡಿದುಕೊಂಡು ಬಂದಿದ್ದರು. ಮಗಳು ನಮ್ಮ ಶಾಲೆಯಲ್ಲಿ ಕಲಿತವಳೇ. ಕನ್ನಡ ಮಾಧ್ಯಮದಿಂದ ಹೋದವಳಾದುದರಿಂದ ಮೊದಲ ವರ್ಷದಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಕೆಲವು ಕೋರ್ಸುಗಳು ಅವಳಿಗೆ ಕಷ್ಟವಾಗಿ, ಎರಡು ಸೆಮಿಸ್ಟರುಗಳ ಸರಾಸರಿ ೬೮ಕ್ಕೆ ನಿಂತಿತ್ತು. "ಇನ್ನು ಮೂರನೆಯ ವರ್ಷದಲ್ಲಿ ಚೆನ್ನಾಗಿ ಓದಿದರೆ ಸಾಕಲ್ಲವೇ ಮಾಷ್ಟ್ರೇ?" ಎಂದು ಕೇಳಿದರು. ನಾನು ಕಾಗದ ತೆಗೆದು ಲೆಕ್ಕ ಮಾಡಿ ತೋರಿಸಿದೆ. ಪ್ರತಿ ಸೆಮಿಸ್ಟರಿಗೂ ಸಮಾನ ತೂಕವೆಂದು ಇಟ್ಟುಕೊಂಡರೆ, ಆರು ಸೆಮಿಸ್ಟರುಗಳ ಸರಾಸರಿ ೭೫ ಆಗಬೇಕಾದರೆ ಮೊತ್ತ ೪೫೦ ಆಗಬೇಕು. ಎರಡರಲ್ಲಿ ೧೩೬ ಬಂದಾಗಿದೆ. ಉಳಿದ ೩೧೪ನ್ನು ನಾಲ್ಕು ಸೆಮಿಸ್ಟರುಗಳಿಗೆ ಹಂಚಿದರೆ ಒಂದೊಂದಕ್ಕೂ ೭೮.೫. ಇದು ಶಕ್ಯ, ಕಷ್ಟವಾದರೂ ಶಕ್ಯ. ಆದರೆ ಎರಡು ವರ್ಷಗಳನ್ನು ೭೦ರಲ್ಲಿ ಕಳೆದು, ಕೊನೆಯ ವರ್ಷಕ್ಕೆ ಬಿಟ್ಟರೆ ಆಗ ಬೇಕಾಗುವುದು ೮೫. ಅದು ಕೆಲವರಿಗೆ ಮಾತ್ರ ಶಕ್ಯ. ಆ ತಾಯಿಗೆ ಲೆಕ್ಕ ಕೂಡಲೇ ಅರ್ಥವಾಯಿತು. ಬೀಡಿಯ ಸಾವಿರದ ಲೆಕ್ಕವನ್ನು ದಿನವೂ ಮಾಡುವವರಿಗೆ ಸರಾಸರಿಯನ್ನು ಬೇರೆ ಕಲಿಸಬೇಕಾಗಿಲ್ಲ. ನಾಲ್ಕನೆಯ ವರ್ಷದ ಯೋಗ್ಯತೆಯನ್ನು ಮೊದಲನೆಯ ಸೆಮಿಸ್ಟರಿನಿಂದಲೇ ಗಳಿಸುತ್ತ ಹೋಗಬೇಕೆಂದು ಯಾರೂ ಅವರಿಗೆ ಅಷ್ಟರ ವರೆಗೆ ಹೇಳಿರಲಿಲ್ಲ, ಅಷ್ಟೆ.

ಅಂಕದಷ್ಟೇ ಮುಖ್ಯವಾದುದು ಪೂರ್ವಭಾವಿ ಕೋರ್ಸು. ಇಂತಿಂಥ ಕೋರ್ಸನ್ನು ಮುಗಿಸಿದವರಿಗೆ ಮಾತ್ರ ಇಂಥ ಮೇಲಣ ಕೋರ್ಸು ಎಂಬ ಷರತ್ತು ಇದು. ಉದಾಹರಣೆಗೆ, ಹಳಗನ್ನಡ ಕಾವ್ಯದ ಮೊದಲ ಪಾಠವನ್ನು ಓದದವರಿಗೆ ಶಾಸನಗಳ ಅಧ್ಯಯನವೋ ಗ್ರಂಥಸಂಪಾದನೆಯೋ ಹೇಗೆ ತಲೆಗೆ ಹತ್ತೀತು? ೪೦೦ರ ಮೆಟ್ಟಿಲಿನ ಕೋರ್ಸನ್ನು ಓದಬೇಕೆಂದಿರುವವರು ಅದರ ಪಠ್ಯಪಟ್ಟಿಯನ್ನು ಮೊದಲು ತೆರೆದು, ಅಲ್ಲಿ ಕೇಳಿರುವ ಕೆಳಗಿನ ಕೋರ್ಸುಗಳನ್ನು ಎರಡನೆಯ, ಮೂರನೆಯ ವರ್ಷಗಳಲ್ಲಿಯೇ ಆರಿಸಿಕೊಂಡಿರಬೇಕು. ಆಯ್ಕೆಯ ಕೋರ್ಸುಗಳನ್ನು ಗೆಳೆಯರು ತೆಗೆದುಕೊಂಡರೆಂದೋ, ಮಧ್ಯಾಹ್ನ ಬೇಗ ಮನೆಗೆ ಹೋಗಬಹುದೆಂದೋ ಆರಿಸುವ ಮಕ್ಕಳಿದ್ದಾರೆ. ಅದರ ಬೆಲೆ ಎರಡು ವರ್ಷ ಕಳೆದ ಮೇಲೆ ತಿಳಿಯುತ್ತದೆ.

ಇನ್ನು ನಮ್ಮ ಗಡಿನಾಡಿಗೆ ಮಾತ್ರ ವಿಶೇಷವಾದ ತೊಡಕೊಂದಿದೆ. ನಮ್ಮ ಮಕ್ಕಳಲ್ಲಿ ಅನೇಕರು ಪದವಿಗಾಗಿ ತಲಪಾಡಿಯ ಆಚೆ, ಮಂಗಳೂರಿಗೋ ಪುತ್ತೂರಿಗೋ ಹೋಗುವವರು. ಕರ್ನಾಟಕವು ೨೦೨೧–೨೨ರಲ್ಲಿ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದಿತಾದರೂ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ ೨೦೨೪–೨೫ರಿಂದ ಮತ್ತೆ ಮೂರು ವರ್ಷದ ಕ್ರಮಕ್ಕೆ ಮರಳಿತು. ಅದೇ ವರ್ಷ ಕೇರಳವು ನಾಲ್ಕು ವರ್ಷಕ್ಕೆ ಹೋಯಿತು! ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಇಬ್ಬರು ಗೆಳತಿಯರಲ್ಲಿ ಒಬ್ಬಳು ಮಂಗಳೂರು ವಿಶ್ವವಿದ್ಯಾಲಯದ ಕಾಲೇಜಿಗೂ ಇನ್ನೊಬ್ಬಳು ಕಾಸರಗೋಡಿನ ಕಾಲೇಜಿಗೂ ಆ ವರ್ಷ ಸೇರಿದರೆ, ಮೊದಲನೆಯವಳಿಗೆ ಮೂರು ಮತ್ತು ಎರಡು, ಎರಡನೆಯವಳಿಗೆ ನಾಲ್ಕು ಮತ್ತು ಒಂದು. ಇಬ್ಬರೂ ಎಂ.ಎ. ಮುಗಿಸುವುದು ಒಂದೇ ವರ್ಷ. ಆದರೆ ನಡುವಿನಲ್ಲಿ ಗಡಿ ದಾಟುವಾಗ ಎಚ್ಚರ ಬೇಕು. ಕಾಸರಗೋಡಿನಲ್ಲಿ ನಾಲ್ಕು ವರ್ಷ ಓದಿದವಳು ಆಚೆಯ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ.ಗೆ ಸೇರಬೇಕೆಂದಿದ್ದರೆ, ಅಲ್ಲಿ ಒಂದು ವರ್ಷದ ಎಂ.ಎ. ಇದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ನಾಲ್ಕರ ಮೇಲೆ ಮತ್ತೆರಡು ವರ್ಷ ಓದಬೇಕಾದೀತು. ಆ ಕಡೆ ಹೋಗಿಯೇ ಹೋಗುವೆನೆಂದು ನಿಶ್ಚಯಿಸಿದವಳಿಗೆ ಇಲ್ಲಿ ಮೂರು ವರ್ಷಕ್ಕೆ ಪದವಿ ಪಡೆದು ಹೊರಡುವುದೇ ಲೇಸು. ೨೦೨೪ರಲ್ಲಿ ಸೇರಿದ ಕೇರಳದ ಮೊದಲ ತಂಡದವರ ಮೂರನೆಯ ವರ್ಷ ಮುಗಿಯುವುದು ೨೦೨೭ರಲ್ಲಿ. ನಿಲ್ಲುವುದೇ, ಹೊರಡುವುದೇ ಎಂಬ ತೀರ್ಮಾನಕ್ಕೆ ಅದಕ್ಕೆ ಬಹಳ ಮೊದಲೇ ಬರಬೇಕಾಗುತ್ತದೆ.

ಕನ್ನಡವನ್ನು ಮುಖ್ಯ ವಿಷಯವಾಗಿ ಓದುವವರಿಗೆ ಇದರಿಂದ ಆಗುವ ಪ್ರಯೋಜನವನ್ನು ನಾನು ಒತ್ತಿ ಹೇಳಬಯಸುತ್ತೇನೆ. ೧೯೫೭ರಲ್ಲಿ ಸ್ಥಾಪನೆಯಾದ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವಿದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಕನ್ನಡ ವಿಭಾಗವಿದೆ. ಕೇರಳದ ನೆಲದಲ್ಲಿ ಕನ್ನಡ ಎಂ.ಎ. ಓದಬಹುದಾದ ಸ್ಥಳಗಳು ಬೆರಳೆಣಿಕೆಗೂ ಕಡಿಮೆ. ಈ ತರಗತಿಗಳು ಉಳಿಯಬೇಕಾದರೆ ಅವುಗಳಲ್ಲಿ ಮಕ್ಕಳಿರಬೇಕು. ಎಂ.ಎ. ಇಲ್ಲದೆ ಹೈಯರ್ ಸೆಕೆಂಡರಿಯಲ್ಲಿ ಕನ್ನಡ ಕಲಿಸುವಂತಿಲ್ಲ; ಅಲ್ಲಿಗೆ ಆಯಾ ವಿಷಯದ ಸ್ನಾತಕೋತ್ತರ ಪದವಿ, ಬಿ.ಎಡ್., ಅದರ ಮೇಲೆ 'ಸೆಟ್' ಪರೀಕ್ಷೆ ಬೇಕು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದುದನ್ನು ಪ್ರತಿಭಟಿಸಿ ನಮ್ಮ ಹೆತ್ತವರೂ ಮಕ್ಕಳೂ ಶಾಲೆಗಳ ಮುಂದೆ ಕುಳಿತುದನ್ನು ಈ ಜಿಲ್ಲೆ ಅನೇಕ ಸಲ ಕಂಡಿದೆ. ಪ್ರತಿಭಟನೆ ನ್ಯಾಯವಾದುದೇ. ಜೊತೆಗೆ, ಹುದ್ದೆ ತೆರೆದಾಗ ಅರ್ಜಿ ಹಾಕುವ ಅರ್ಹತೆಯುಳ್ಳ ಕನ್ನಡದ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗಿದೆ.

ಬೇರೆ ವಿಷಯವನ್ನು ಮುಖ್ಯವಾಗಿ ಓದುವವರೂ ಕನ್ನಡವನ್ನು ಎರಡನೆಯ ವಿಷಯವನ್ನಾಗಿ, ಅಂದರೆ 'ಮೈನರ್' ಆಗಿ, ಆರಿಸಿಕೊಳ್ಳಬಹುದೇ ಎಂದು ತಮ್ಮ ಕಾಲೇಜಿನಲ್ಲಿ ವಿಚಾರಿಸಬೇಕು. ಮುಖ್ಯ ವಿಷಯ, ಎರಡನೆಯ ವಿಷಯ ಇವೆರಡರಲ್ಲಿ ಯಾವುದರಲ್ಲಿ ಬೇಕಾದರೂ ಸ್ನಾತಕೋತ್ತರ ಮಾಡಲು ಯು.ಜಿ.ಸಿ. ಚೌಕಟ್ಟು ಅವಕಾಶ ಕೊಡುತ್ತದೆ. ಎರಡೂ ಅಲ್ಲದ ವಿಷಯಕ್ಕೆ ಹೋಗುವವರು ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇತಿಹಾಸವನ್ನು ಓದಿದವನು ಕನ್ನಡ ಎಂ.ಎ.ಗೆ ಬರುವ ದಾರಿ ಇದರಿಂದ ಹಸನಾಗಿದೆ.

ಪಿಎಚ್.ಡಿ.ಯ ಮಾತನ್ನೂ ಹೇಳಿಬಿಡುತ್ತೇನೆ. ೨೦೨೨ರ ನವೆಂಬರಿನ ನಿಯಮಾವಳಿಯಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ ೭೫ ಅಂಕ ಪಡೆದವರು ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೆ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗ ಮತ್ತು ಅಂಗವಿಕಲರಿಗೆ ಶೇಕಡಾ ೫ರ ರಿಯಾಯಿತಿ ಇದೆ. ೨೦೨೪ರಿಂದ ಅಂತಹವರಿಗೆ 'ನೆಟ್' ಪರೀಕ್ಷೆಯ ಬಾಗಿಲೂ ತೆರೆಯಿತು. ಹಾಗೆಂದು ಎಂ.ಎ.ಯನ್ನು ಬಿಟ್ಟುಬಿಡಿ ಎಂದು ನಾನು ಯಾರಿಗೂ ಸಲಹೆ ಕೊಡಲಾರೆ. ಒಂದು ವರ್ಷದ ಉಳಿತಾಯಕ್ಕಾಗಿ, ಶಾಲೆಯಲ್ಲಿ ಉದ್ಯೋಗಕ್ಕೆ ಬೇಕಾದ ಪದವಿಯನ್ನೇ ಬಿಡುವುದು ಜಾಣತನವಲ್ಲ.

ಗಳಿಸಿದ ಕ್ರೆಡಿಟುಗಳು ಎಲ್ಲಿರುತ್ತವೆ? ೨೦೨೧ರಲ್ಲಿ ಸ್ಥಾಪಿತವಾದ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಎಂಬ ಖಾತೆಯಲ್ಲಿ. ನಮ್ಮ ಸಹಕಾರಿ ಬ್ಯಾಂಕಿನ ಖಾತೆಯಂತೆಯೇ ಇದು. ಕೋರ್ಸು ಮುಗಿದಾಗ ಕ್ರೆಡಿಟ್ ಜಮೆಯಾಗುತ್ತದೆ; ಪದವಿ ಪಡೆಯುವಾಗ ಖರ್ಚಾಗುತ್ತದೆ. ಒಮ್ಮೆ ಖರ್ಚಾದುದು ಮತ್ತೆ ಬರುವುದಿಲ್ಲ. ಬಿ.ಎ. ಆನರ್ಸಿಗಾಗಿ ಲೆಕ್ಕಕ್ಕೆ ಹಿಡಿದ ೪೦೦ರ ಮಟ್ಟದ ಕೋರ್ಸನ್ನು ಎಂ.ಎ.ಯ ಲೆಕ್ಕದಲ್ಲಿ ಇನ್ನೊಮ್ಮೆ ತೋರಿಸುವಂತಿಲ್ಲ. ಎಂ.ಎ.ಯ ಅವಧಿಯನ್ನೇ ಒಂದು ವರ್ಷಕ್ಕೆ ಇಳಿಸಿರುವುದರಿಂದ ಅದಕ್ಕೆ ಸಲ್ಲಬೇಕಾದ ಮಾನ್ಯತೆ ಸಂದೇ ಇದೆ. ಜಮೆಯಾದ ಕ್ರೆಡಿಟುಗಳಿಗೆ ಸಾಮಾನ್ಯವಾಗಿ ಏಳು ವರ್ಷಗಳ ಆಯುಷ್ಯವಿದೆ. ಮದುವೆಯಾಗಿಯೋ, ಮನೆಯ ಕಷ್ಟದಿಂದಲೋ ನಡುವಿನಲ್ಲಿ ನಿಲ್ಲಿಸಿದ ಹೆಣ್ಣುಮಕ್ಕಳು ಇದನ್ನು ಮರೆಯಬಾರದು. ಯು.ಜಿ.ಸಿ. ಚೌಕಟ್ಟಿನ ಪ್ರಕಾರ ಹೊರಹೋದವರು ಮೂರು ವರ್ಷಗಳ ಒಳಗೆ ಮರಳಿ ಬಂದು ಸೇರಿಕೊಳ್ಳಬಹುದು. ಒಟ್ಟು ವ್ಯಾಸಂಗ ಏಳು ವರ್ಷಗಳ ಒಳಗೆ ಮುಗಿಯಬೇಕು.

ಈ ಖಾತೆಗೆ ಹನ್ನೆರಡು ಅಂಕೆಗಳ 'ಅಪಾರ್' ಎಂಬ ಗುರುತಿನ ಸಂಖ್ಯೆ ಬೇಕು. ಇಲ್ಲಿ ಹೆಸರಿನ ತೊಂದರೆ ಬರುತ್ತದೆ. ಕನ್ನಡದ ಹೆಸರನ್ನು ಮಲಯಾಳದಲ್ಲಿ ಬರೆದು, ಅದನ್ನು ನೋಡಿ ಇಂಗ್ಲಿಷಿಗೆ ಇಳಿಸಿದಾಗ ಒಬ್ಬನೇ ಹುಡುಗ ಆಧಾರ್ ಕಾರ್ಡಿನಲ್ಲಿ ಒಂದು, ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಇನ್ನೊಂದು ಆಗಿಬಿಡುತ್ತಾನೆ. 'ಕೆ.' ಎಂಬ ಇನಿಶಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. 'ಭಟ್ಟ' ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಎರಡೂ ಕಡೆ ಹೆಸರು, ಜನ್ಮದಿನಾಂಕ ಒಂದೇ ಆಗಿರದಿದ್ದರೆ ಖಾತೆ ತೆರೆಯುವಲ್ಲಿಯೇ ತೊಡಕು. ಹತ್ತನೆಯ ತರಗತಿಯ ಅಂಕಪಟ್ಟಿ ಮುದ್ರಣವಾಗುವುದಕ್ಕೆ ಮೊದಲೇ ಇದನ್ನು ಸರಿಪಡಿಸುವುದು ಸುಲಭ. ನಮ್ಮ ಶಾಲೆಯ ಇಂದಿನ ಅಧ್ಯಾಪಕರು ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆಯುವಾಗಲೇ ಆಧಾರನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕೆಂದು ನಾನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ಮನೆಯಲ್ಲಿ ಕುಳಿತು ಮೇಲಣ ಮಟ್ಟದ ಪಾಠ ಕೇಳಬಯಸುವವರಿಗೆ ಕೇಂದ್ರ ಸರಕಾರದ 'ಸ್ವಯಂ' ಇದೆ. ಪಾಠ ಕೇಳುವುದಕ್ಕೆ ಹಣ ಬೇಡ. ಪ್ರಮಾಣಪತ್ರ ಬೇಕಾದರೆ ಶುಲ್ಕ ಕೊಟ್ಟು ಪರೀಕ್ಷೆಗೆ ಕೂರಬೇಕು. ೨೦೨೧ರ ನಿಯಮದಂತೆ ಒಂದು ಪದವಿಯ ಕ್ರೆಡಿಟುಗಳಲ್ಲಿ ಶೇಕಡಾ ೪೦ರ ವರೆಗೆ ಈ ಮಾರ್ಗದಿಂದ ಗಳಿಸಬಹುದು. ಆದರೆ ತಮ್ಮ ವಿಶ್ವವಿದ್ಯಾಲಯ ಒಪ್ಪಿದ ಕೋರ್ಸಾಗಿರಬೇಕು, ಆ ಒಪ್ಪಿಗೆಯನ್ನು ಸೇರುವುದಕ್ಕೆ ಮೊದಲೇ ಕೇಳಿರಬೇಕು. ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿವೆ ಎಂಬುದನ್ನೂ ಮುಚ್ಚಿಡಲಾರೆ.

ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರ ಮಕ್ಕಳು ಅಮೆರಿಕದಲ್ಲಿ ಓದುತ್ತಿರುವುದರಿಂದ ಅಲ್ಲಿಯ ಪದ್ಧತಿಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಅಲ್ಲಿ ನಾಲ್ಕು ವರ್ಷದ ಪದವಿಯೇ ರೂಢಿ. ಕೊನೆಯ ವರ್ಷದ ಅಥವಾ ಅದಕ್ಕೆ ಹಿಂದಿನ ವರ್ಷದ ವಿದ್ಯಾರ್ಥಿಯು ಸ್ನಾತಕೋತ್ತರ ಕೋರ್ಸಿಗೆ ಸೇರಬೇಕಾದರೆ ಸಾಮಾನ್ಯವಾಗಿ ಒಳ್ಳೆಯ ಅಂಕ ಸರಾಸರಿ ಇರಬೇಕು. ಅನೇಕ ಕಡೆ ನಾಲ್ಕಕ್ಕೆ ಮೂರು ಎಂದು ನಿಗದಿ ಮಾಡಿರುತ್ತಾರೆ. ಪಾಠ ಮಾಡುವ ಪ್ರಾಧ್ಯಾಪಕರ ಒಪ್ಪಿಗೆ ಮತ್ತು ಸಲಹೆಗಾರರ ಸಹಿ ಬೇಕು. ಒಂದು ಅವಧಿಯಲ್ಲಿ ಎಷ್ಟು ಕೋರ್ಸು ಎಂಬ ಮಿತಿಯೂ ಇರುತ್ತದೆ. ಆ ಕೋರ್ಸು ಬ್ಯಾಚುಲರ್ ಪದವಿಯ ಲೆಕ್ಕಕ್ಕೆ ಹೋಗುವುದೇ, ಮುಂದಿನ ಮಾಸ್ಟರ್ಸಿಗಾಗಿ ಕಾದಿಡಲಾಗುವುದೇ ಎಂಬುದನ್ನು ಸೇರುವಾಗಲೇ ಬರೆದು ತಿಳಿಸಬೇಕಾಗುತ್ತದೆ. ಎರಡಕ್ಕೂ ಸಲ್ಲುವುದು ಸಾಮಾನ್ಯವಾಗಿ ಎರಡೂ ಪದವಿಗಳನ್ನು ಒಟ್ಟಿಗೆ ಜೋಡಿಸಿರುವ ವಿಶೇಷ ಕಾರ್ಯಕ್ರಮಗಳಲ್ಲಿ ಮಾತ್ರ.

ನಮ್ಮ ಕಡೆಯ ಕಾಲೇಜುಗಳಲ್ಲಿಯೂ ಈಗ ವಿದ್ಯಾರ್ಥಿಗಳಿಗೆ ಸಲಹೆಗಾರ ಅಧ್ಯಾಪಕರನ್ನು ಗೊತ್ತುಮಾಡುತ್ತಾರೆ. ಮೊದಲ ತಿಂಗಳಿನಲ್ಲಿಯೇ ಅವರನ್ನು ಕಂಡು ನಾಲ್ಕು ವಿಷಯಗಳನ್ನು ಕೇಳಬೇಕು: ಈ ವಿಭಾಗದಲ್ಲಿ ನಾಲ್ಕನೆಯ ವರ್ಷ ನಡೆಯುತ್ತದೆಯೇ, ಸಂಶೋಧನಾ ಮಾರ್ಗದರ್ಶಕರು ಇದ್ದಾರೆಯೇ, ೪೦೦ರ ಮಟ್ಟದ ಕೋರ್ಸುಗಳಿಗೆ ಕೆಳಗಿನ ಯಾವ ಕೋರ್ಸುಗಳು ಬೇಕು, ಇಲ್ಲಿ ಒಂದು ವರ್ಷದ ಎಂ.ಎ. ಇರುತ್ತದೆಯೇ. ಉತ್ತರವನ್ನು ನೋಟು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ನಿಯಮಗಳು ವರ್ಷವರ್ಷವೂ ತಿದ್ದುಪಡಿಯಾಗುತ್ತಿರುವುದರಿಂದ ಪ್ರತಿ ಜೂನಿನಲ್ಲಿ ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ. ಮಗಳಿಗೆ ಒಬ್ಬಳೇ ಹೋಗಿ ಕೇಳಲು ಅಳುಕಾದರೆ ತಾಯಿಯೋ ತಂದೆಯೋ ಜೊತೆಗೆ ಹೋಗಲಿ. ಪದವಿ ಕಾಲೇಜಿನಲ್ಲಿಯೂ ರಕ್ಷಕರ ಸಭೆಗಳು ನಡೆಯುತ್ತವೆ, ಅಲ್ಲಿ ಕನ್ನಡದಲ್ಲಿ ಉತ್ತರಿಸಬಲ್ಲ ಅಧ್ಯಾಪಕರು ನಮ್ಮ ಜಿಲ್ಲೆಯ ಕನ್ನಡ ವಿಭಾಗಗಳಲ್ಲಿ ಇದ್ದಾರೆ.